ಮನೆಯ ಕೈಕೆಲಸಕ್ಕೆ ಅಂಗಡಿ ಕಟ್ಟಿಕೊಟ್ಟ ಮಂಗಳೂರಿನ ಕಮಲಾದೇವಿ

ರಾಮನಗರ: ನಮ್ಮ ಬೀದಿಯಲ್ಲಿ ನಾಲ್ಕು ಮನೆ ದಾಟಿದ್ರೆ ಒಂದು ಮನೆ ಬಾಗಿಲಲ್ಲಾದರೂ ಕೈಯಲ್ಲೇ ಹೆಣೆದ ಉಲ್ಲನ್ ತೋರಣ ಇರುತ್ತೆ. ಟಿ.ವಿ. ಮೇಲೆ ಕ್ರೋಷಾ ಹೊದಿಕೆ, ಸಂತೆಗೆ ಹೋಗೋಕೆ ವೈರ್ ಬ್ಯಾಗು, ಬಾಗಿಲ ಬಳಿ ಹಳೇ ಸೀರೆ ಹರಿದು ಹೆಣೆದ ಕಾಲೊರೆಸು. ರೇಷ್ಮೆ ಊರು ಅಂದ ಮೇಲೆ ಗೂಡಿನ ಹಾರವೂ ಇದ್ದೇ ಇದೆ. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಲ್ಲಿ ನೂಲು ಬಿಚ್ಚೋಕೆ ಆಗಲ್ಲ. ಅದನ್ನೇ ಕತ್ತರಿಸಿ, ಬಣ್ಣ ಹಾಕಿ, ಸನ್ಮಾನದ ಹಾರ ಮಾಡ್ತಾರೆ.

ಇದನ್ನೆಲ್ಲ ಮಾಡೋ ಹೆಂಗಸರನ್ನ ಏನು ಕೆಲಸ ಮಾಡ್ತೀರಿ ಅಂತ ಕೇಳಿ ನೋಡಿ. ಏನೂ ಇಲ್ಲ, ಮನೇಲೇ ಇದ್ದೀನಿ ಅಂತಾರೆ.

ನಮ್ಮಮ್ಮನೂ ಹಾಗೇ ಹೇಳೋದು. ಹೋದ ವರ್ಷ ಅಮ್ಮ ಎರಡು ದಿನ ಸಂಜೆ ಕೂತು ಹೆಣೆದ ವೈರ್ ಬ್ಯಾಗನ್ನ ನಾನೇ ಒಂದು ಅಂಗಡಿಗೆ ಕೊಟ್ಟು ಬಂದೆ. ವೈರಿನ ದುಡ್ಡು ಕಳೆದು ಕೈಗೆ ಉಳಿದದ್ದು 60 ರೂಪಾಯಿ. ಒಂದು ವಾರ ಬಿಟ್ಟು ಅದೇ ಬ್ಯಾಗು ಅದೇ ಅಂಗಡಿಯಲ್ಲಿ ನಾವು ಕೊಟ್ಟ ರೇಟಿನ ಎರಡರಷ್ಟಕ್ಕೆ ನೇತಾಡ್ತಾ ಇತ್ತು. ಅಂಗಡಿಯವರನ್ನ ಬೈಯೋಕೆ ಇದನ್ನ ಹೇಳ್ತಿಲ್ಲ. ಅವರಿಗೂ ಬಾಡಿಗೆ, ಕರೆಂಟು ಬಿಲ್ಲು ಇರುತ್ತೆ. ಆದ್ರೆ ಅವತ್ತಿನಿಂದ ಒಂದು ಲೆಕ್ಕ ತಲೇಲಿ ಕೂತಿದೆ. ಕೈಕೆಲಸಕ್ಕೆ ರೇಟು ಹಾಕೋರು ಯಾರು? ಈ ಲೆಕ್ಕವನ್ನೇ ಜೀವನಪೂರ್ತಿ ಮಾಡಿದ ಒಬ್ಬ ಹೆಣ್ಣುಮಗಳು ನಮ್ಮ ಕರ್ನಾಟಕದವರೇ ಅಂತ ನನಗೆ ಗೊತ್ತಾಗಿದ್ದು ಡಿಗ್ರಿ ಬಿಟ್ಟ ಮೇಲೆ. ಕಾಲೇಜಲ್ಲಿ ಇದ್ದಷ್ಟು ದಿನ ಅವರ ಹೆಸರನ್ನ ಯಾರೂ ಎತ್ತಲಿಲ್ಲ. ಅವರ ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ. ಹೆಸರು ಕೇಳಿ ಬಂಗಾಳದವರು ಅಂದ್ಕೋಬೇಡಿ, ಹುಟ್ಟೂರು ಮಂಗಳೂರು.

ಆಸ್ತಿ ಕೈತಪ್ಪಿದ ಮನೆ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರ, ಬ್ರಿಟಿಷ್ ಸರ್ಕಾರದಲ್ಲಿ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಓದುಬರಹ ಬಲ್ಲವರು, ದೇಶದ ದೊಡ್ಡ ದೊಡ್ಡ ಸಮಾಜ ಸುಧಾರಕರು ಬಂದು ಹೋಗ್ತಿದ್ದ ಮನೆ ಅದು. ಮಗಳಿಗೆ ಏಳು ವರ್ಷ ಆದಾಗ ತಂದೆ ತೀರಿಹೋದರು. ಉಯಿಲು ಬರೆದಿರಲಿಲ್ಲ. ಆಗಿನ ಪದ್ಧತಿ ಪ್ರಕಾರ ಆಸ್ತಿಯೆಲ್ಲ ತಂದೆಯ ಮೊದಲ ಸಂಬಂಧದ ಮಗನ ಪಾಲಾಯ್ತು. ಹೆಂಡತಿ ಮಗಳಿಗೆ ತಿಂಗಳಿಗಿಷ್ಟು ಅಂತ ಖರ್ಚಿಗೆ ಕೊಡೋ ಮಾತು ಬಂತು. ಗಿರಿಜಾಬಾಯಿ ಅದನ್ನ ಒಪ್ಪಲಿಲ್ಲ. ತವರಿನಿಂದ ತಂದದ್ದರಲ್ಲೇ ಮಗಳನ್ನ ಸಾಕ್ತೀನಿ ಅಂತ ಹೊರಟರು.

ನನಗನ್ನಿಸೋದು, ಮುಂದೆ ಈ ಮಗಳು ಹೆಣ್ಣುಮಕ್ಕಳ ಕೈಯಲ್ಲಿ ಅವರದ್ದೇ ದುಡಿಮೆಯ ದುಡ್ಡು ಇರಬೇಕು ಅಂತ ಹಠ ಹಿಡಿದಿದ್ದು ಇಲ್ಲಿಂದಲೇ ಇರಬೇಕು.

ಹದಿನಾಲ್ಕಕ್ಕೆ ಮದುವೆ, ಎರಡು ವರ್ಷ ಕಳೆಯೋ ಹೊತ್ತಿಗೆ ಗಂಡ ತೀರಿಕೊಂಡಿದ್ರು. ಆ ಕಾಲದಲ್ಲಿ ಇಂಥ ಹುಡುಗಿಯ ಬದುಕು ಮೂಲೆ ಸೇರಿದ ಹಾಗೆಯೇ. ತಾಯಿ ಹಾಗಾಗೋಕೆ ಬಿಡಲಿಲ್ಲ, ಓದು ಮುಂದುವರೀತು. ಮದರಾಸಿನ ಕ್ವೀನ್ ಮೇರಿ ಕಾಲೇಜು ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಪರಿಚಯ ಆಯ್ತು, ಅವರ ಮೂಲಕ ಅಣ್ಣ ಹರೀಂದ್ರನಾಥರ ಪರಿಚಯ. ಹರೀಂದ್ರನಾಥ ಕವಿ, ನಾಟಕದ ಹುಚ್ಚಿನವರು. ಇಬ್ಬರೂ ಮದುವೆಯಾದ್ರು. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯವರ ಜೊತೆ. ಎಷ್ಟು ಮಾತು ಕೇಳಬೇಕಾಯ್ತೋ ನೀವೇ ಊಹಿಸಿ. ಒಬ್ಬ ಮಗ ಹುಟ್ಟಿದ. ಈ ಸಂಸಾರವೂ ಕೊನೇತನಕ ಉಳಿಯಲಿಲ್ಲ, ಕೋರ್ಟಿಗೆ ಹೋಗಿ ಬೇರೆಯಾದರು.

1926ರಲ್ಲಿ ಮದರಾಸು ವಿಧಾನ ಪರಿಷತ್ ಚುನಾವಣೆಗೆ ಮಂಗಳೂರು ಕಡೆಯಿಂದ ನಿಂತರು. ದೇಶದಲ್ಲಿ ಇಂಥ ಚುನಾವಣೆಗೆ ನಿಂತ ಮೊದಲ ಹೆಂಗಸು ಅಂತ ಅವರನ್ನ ಹೇಳ್ತಾರೆ. ಸ್ವಲ್ಪದರಲ್ಲಿ ಸೋತರು. ಮಧ್ಯೆ ಮೂಕಿ ಸಿನಿಮಾದಲ್ಲೂ ಪಾತ್ರ ಮಾಡಿದ್ರು. ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಬಣ್ಣ ಹಚ್ಚೋದೇ ತಪ್ಪು ಅನ್ನೋ ಕಾಲ ಅದು.

ಉಪ್ಪಿನ ಪೊಟ್ಟಣ

1930ರಲ್ಲಿ ಗಾಂಧೀಜಿ ಉಪ್ಪಿನ ಸತ್ಯಾಗ್ರಹ ಶುರು ಮಾಡಿದಾಗ ದಂಡಿಗೆ ನಡೆದು ಹೋಗೋ ತಂಡದಲ್ಲಿ ಹೆಂಗಸರು ಇರಲಿಲ್ಲ. ಕಮಲಾದೇವಿ ಇದನ್ನ ಒಪ್ಪದೆ ಗಾಂಧೀಜಿ ಹತ್ರ ಹೋಗಿ ವಾದ ಮಾಡಿದ್ರು. ಉಪ್ಪು ಅನ್ನೋದೇ ಅಡುಗೆಮನೆ ವಸ್ತು, ಅದರ ಹೋರಾಟದಲ್ಲಿ ಅಡುಗೆಮನೆಯವರೇ ಇಲ್ಲ ಅಂದ್ರೆ ಹೇಗೆ? ಕಡೆಗೆ ಗಾಂಧೀಜಿ ಒಪ್ಪಿದರು. ಬೊಂಬಾಯಿ ಕಡಲ ದಡದಲ್ಲಿ ಒಲೆ ಹೂಡಿ ಉಪ್ಪು ಕಾಯಿಸಿದವರಲ್ಲಿ ಕಮಲಾದೇವಿ, ಅವಂತಿಕಾಬಾಯಿ ಗೋಖಲೆ ಮುಂದೆ ಇದ್ರು.

ಇದರ ಮುಂದಿನ ಭಾಗ ವ್ಯಾಪಾರಸ್ಥರಿಗೆ ಇಷ್ಟ ಆಗಬಹುದು. ಆ ಉಪ್ಪನ್ನ ಪುಟ್ಟ ಪೊಟ್ಟಣ ಕಟ್ಟಿಕೊಂಡು ಕಮಲಾದೇವಿ ಮಾರೋಕೆ ಹೊರಟರು. ಎಲ್ಲಿಗೆ? ಬೊಂಬಾಯಿ ಷೇರುಪೇಟೆಗೆ. ಹೈಕೋರ್ಟಿಗೂ ನುಗ್ಗಿ ನ್ಯಾಯಾಧಿಕಾರಿಗೇ ಉಪ್ಪು ಕೊಳ್ತೀರಾ ಅಂತ ಕೇಳಿದ್ರಂತೆ. ದುಡ್ಡಿರೋರು ಎಲ್ಲಿದ್ದಾರೋ ಅಲ್ಲಿಗೇ ಮಾಲು ತಗೊಂಡು ಹೋಗಬೇಕು ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು. ಪೊಲೀಸರು ಹಿಡಿದರು, ಹತ್ತಿರ ಹತ್ತಿರ ಒಂದು ವರ್ಷ ಜೈಲು. ಆಮೇಲೂ ಹಲವು ಸಲ ಜೈಲಿಗೆ ಹೋಗಿಬಂದರು.

ಫರೀದಾಬಾದಿನಿಂದ ಕರಕುಶಲಕ್ಕೆ

ಸ್ವಾತಂತ್ರ್ಯ ಬಂತು. ಜೊತೆಗಿದ್ದವರಲ್ಲಿ ಎಷ್ಟೋ ಜನ ಮಂತ್ರಿಗಳಾದ್ರು, ರಾಯಭಾರಿಗಳಾದ್ರು. ಕಮಲಾದೇವಿ ಆ ದಾರಿ ಹಿಡಿಯಲಿಲ್ಲ. ದೇಶ ಇಬ್ಭಾಗವಾಗಿ ದೆಹಲಿ ಸುತ್ತ ಡೇರೆಗಳಲ್ಲಿ ನಿರಾಶ್ರಿತರು ತುಂಬಿಕೊಂಡಿದ್ದರು. ಅವರಿಗೆ ಪುಕ್ಕಟೆ ಅಕ್ಕಿ ಬೇಳೆ ಹಂಚ್ತಾ ಕೂತ್ರೆ ಆಗಲ್ಲ, ಅವರ ಕೈಗೆ ಕೆಲಸ ಸಿಗಬೇಕು ಅಂತ 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಅನ್ನೋ ಸಹಕಾರ ಸಂಸ್ಥೆ ಕಟ್ಟಿದ್ರು. ಇವತ್ತು ಕಾರ್ಖಾನೆ ಊರು ಅಂತ ಹೆಸರಾಗಿರೋ ಫರೀದಾಬಾದ್ ಹೊಸ ಪಟ್ಟಣ ಎದ್ದಿದ್ದರಲ್ಲಿ ಈ ಸಂಸ್ಥೆಯ ಬೆವರಿದೆ. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ಜನ ಅಲ್ಲಿ ನೆಲೆ ಕಂಡರು.

ಆ ಡೇರೆಗಳಲ್ಲಿ ಮನೆ, ಹೊಲ, ಅಂಗಡಿ ಎಲ್ಲ ಕಳ್ಕೊಂಡು ಬಂದ ಹೆಂಗಸರಿದ್ರು. ಅವರ ಹತ್ರ ಉಳಿದಿದ್ದು ಬೆರಳಲ್ಲಿದ್ದ ಕಸುಬು ಮಾತ್ರ. ಕಸೂತಿ, ಹೊಲಿಗೆ, ನೇಯ್ಗೆ. ಆದ್ರೆ ಮಾಡಿದ್ದನ್ನ ಕೊಳ್ಳೋರು ಬೇಕಲ್ಲ?

ಆಗ ದೆಹಲಿಯಲ್ಲಿ ಸರ್ಕಾರದ್ದೇ ಒಂದು ಗುಡಿ ಕೈಗಾರಿಕೆ ಮಳಿಗೆ ಇತ್ತು. 1952ರಲ್ಲಿ ಅದರ ಆಡಳಿತ ಸಹಕಾರ ಸಂಸ್ಥೆ ಕೈಗೆ ಬಂತು. ಕಾಟೇಜ್ ಎಂಪೋರಿಯಂ ಅಂತ ಇವತ್ತಿಗೂ ಹೆಸರುವಾಸಿ. ಅದೇ 1952ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿ ಮಾಡಿ ಕಮಲಾದೇವಿಯವರನ್ನೇ ಅಧ್ಯಕ್ಷೆ ಮಾಡಿತು. ಮುಂದಿನ ವರ್ಷಗಳೆಲ್ಲ ಅವರು ಊರೂರು ಸುತ್ತಿದ್ದೇ ಸುತ್ತಿದ್ದು. ಯಾವ ಊರಲ್ಲಿ ಯಾವ ಕಸುಬು ಉಸಿರಾಡ್ತಿದೆ, ಯಾವುದು ಕೊನೆಯ ಮುದುಕನ ಜೊತೆ ಹೋಗೋದರಲ್ಲಿದೆ ಅಂತ ಹುಡುಕೋದು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಬಟ್ಟೆ ಮೇಲೆ ಕಡ್ಡಿಯಲ್ಲಿ ಚಿತ್ರ ಬಿಡಿಸೋ ಕಲಂಕಾರಿ ಬಲ್ಲವರು ಬೆರಳೆಣಿಕೆಯಷ್ಟಾಗಿದ್ರು. ಅಲ್ಲಿ ತರಬೇತಿ ಕೇಂದ್ರ ಶುರುವಾಯ್ತು, ಹುಡುಗರು ಕಲಿತರು. ಜೈಪುರದ ನೀಲಿ ಬಣ್ಣದ ಮಣ್ಣಿನ ಪಾತ್ರೆ ಕಸುಬು ನಿಂತೇ ಹೋಗೋದರಲ್ಲಿತ್ತು. ಚಿತ್ರಕಾರ ಕೃಪಾಲ್ ಸಿಂಗ್ ಶೇಖಾವತ್ ಅದನ್ನ ಮತ್ತೆ ಎತ್ತಿ ನಿಲ್ಲಿಸಿದ್ರು, ಅವರ ಬೆನ್ನಿಗಿದ್ದವರಲ್ಲಿ ಕಮಲಾದೇವಿ ಒಬ್ಬರು.

ಮಂಡಳಿ ನಾಲ್ಕು ಕಡೆ ವಿನ್ಯಾಸ ಕೇಂದ್ರ ತೆರೀತು. ಅದರಲ್ಲಿ ಬೆಂಗಳೂರು ಒಂದು. ಹಳೇ ಕಸುಬಿಗೆ ಇವತ್ತಿನ ಮನೆಗೆ ಬೇಕಾಗೋ ಹೊಸ ವಸ್ತು ಯಾವುದು ಮಾಡಬಹುದು ಅಂತ ತೋರಿಸಿಕೊಡೋದು ಈ ಕೇಂದ್ರಗಳ ಕೆಲಸ. ಇದು ಚನ್ನಪಟ್ಟಣದವರಿಗೆ ಹೇಳಿಕೊಡಬೇಕಾದ ಪಾಠವೇನಲ್ಲ. ಆಲೆ ಮರ, ಅರಗಿನ ಬಣ್ಣ, ತಿರುಗೋ ಲೇತು ಅವೇ ಇದ್ರೂ ಕುದುರೆ ಬೊಂಬೆ ಜೊತೆಗೆ ಮಕ್ಕಳ ಗಣಿತದ ಮಣಿ, ಪರದೆ ಗುಂಡು, ಕೀ ಚೈನು ಎಲ್ಲ ಬಂದಿದ್ದು ಇಂಥದ್ದೇ ಲೆಕ್ಕದಿಂದ.

1964ರಲ್ಲಿ ರಾಜ್ಯದ ಕರಕುಶಲ ನಿಗಮ ಹುಟ್ಟಿತು, ಕಾವೇರಿ ಮಳಿಗೆ ಅಂದ್ರೆ ನಿಮಗೆ ಗೊತ್ತಾಗುತ್ತೆ. ಅದೇ ವರ್ಷ ಕಮಲಾದೇವಿ ಸರ್ಕಾರದ ಹೊರಗೂ ಒಂದು ಕೂಟ ಬೇಕು ಅಂತ ಭಾರತೀಯ ಕರಕುಶಲ ಪರಿಷತ್ ಕಟ್ಟಿದ್ರು. ಬೆಂಗಳೂರಲ್ಲಿ ಕಥಕ್ ಶಾಲೆಯೊಂದಕ್ಕೂ ಆಗಲೇ ಕಾರಣರಾದ್ರು. ಮರುವರ್ಷ 1965ರಿಂದ ಉತ್ತಮ ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಕೊಡೋದು ಶುರುವಾಯ್ತು. ಅಲ್ಲಿವರೆಗೆ ಬೊಂಬೆಗೆ ಊರ ಹೆಸರಿತ್ತು, ಸೀರೆಗೆ ಊರ ಹೆಸರಿತ್ತು, ಮಾಡಿದವರ ಹೆಸರು ಯಾರಿಗೂ ಬೇಕಿರಲಿಲ್ಲ.

ಒಂದು ತಕರಾರು

ಹೊಗಳಿಕೆ ಸಾಕು, ಒಂದು ತಕರಾರೂ ಇದೆ. ಮಂಡಳಿಯ ಕಣ್ಣು ಹೆಚ್ಚಾಗಿ ಹೋಗಿದ್ದು ತಲೆತಲಾಂತರದ ಕಸುಬುಗಳ ಕಡೆ. ಎಂಪೋರಿಯಂ ಮುಂದೆ ಕಾರು ನಿಲ್ಲಿಸೋರಿಗೆ ಇಷ್ಟವಾಗೋ ವಸ್ತುಗಳ ಕಡೆ. ನಮ್ಮಮ್ಮನ ಪ್ಲಾಸ್ಟಿಕ್ ವೈರ್ ಬ್ಯಾಗು ನೋಡಿದ್ರೆ ಕಮಲಾದೇವಿಯವರೂ ಮೂಗು ಮುರೀತಿದ್ರೇನೋ. ಮನೆ ಮನೆಯ ಕ್ರೋಷಾ, ಹೆಣಿಗೆ ಇವು ಕಸುಬು ಅಂತಲೂ ಅಲ್ಲ, ಕೂಲಿ ಅಂತಲೂ ಅಲ್ಲ ಅನ್ನೋ ಹಾಗೆ ನಡುವೆ ಉಳ್ಕೊಂಡವು.

ಆಂಧ್ರದ ನರಸಾಪುರದ ಕಥೆ ಇದಕ್ಕೆ ಸಾಕ್ಷಿ. ಕ್ರೈಸ್ತ ಮಿಷನರಿಗಳು ಕಲಿಸಿದ ಕ್ರೋಷಾ ಲೇಸು ಅಲ್ಲಿ ಸಾವಿರಾರು ಮನೆಗಳ ಹೆಂಗಸರ ಕೆಲಸ, ಮಾಲು ಹೊರದೇಶಕ್ಕೆ ಹೋಗುತ್ತೆ. ಜರ್ಮನಿಯ ಮರಿಯಾ ಮೀಸ್ ಅಲ್ಲಿಗೆ ಬಂದು ನೋಡಿ 1982ರಲ್ಲಿ ಪುಸ್ತಕ ಬರೆದರು. ದಿನಕ್ಕೆ ಎಷ್ಟೋ ಗಂಟೆ ಕಡ್ಡಿ ಹಿಡಿದು ಕೂತರೂ ಆ ಹೆಂಗಸರನ್ನ ಬಿಡುವಿನಲ್ಲಿ ಏನೋ ಮಾಡ್ಕೊಳ್ಳೋ ಗೃಹಿಣಿಯರು ಅಂತಲೇ ಲೆಕ್ಕ ಹಾಕ್ತಿದ್ರು, ಅದಕ್ಕೇ ಕೂಲಿ ಅಷ್ಟು ಕಡಿಮೆ ಅನ್ನೋದು ಅದರ ಸಾರ. ಓದಿದಾಗ ನನಗೆ ಆ 60 ರೂಪಾಯಿ ನೆನಪಾಯ್ತು.

ಆದ್ರೂ ತಕರಾರಿಗೆ ಉತ್ತರವೂ ಕಮಲಾದೇವಿ ಬದುಕಲ್ಲೇ ಸಿಗುತ್ತೆ. ಫರೀದಾಬಾದಿನಲ್ಲಿ ಅವರು ಹೇಳಿದ್ದು ಸಹಕಾರ ಸಂಘ ಮಾಡ್ಕೊಳ್ಳಿ ಅಂತ. ಹತ್ತು ಜನ ಒಟ್ಟಿಗೆ ಮಾಲು ಕೊಟ್ರೆ ರೇಟು ಮಾತಾಡಬಹುದು, ಒಬ್ಬೊಬ್ಬರೇ ಹೋದ್ರೆ ಕೊಟ್ಟಷ್ಟು ಇಸ್ಕೊಂಡು ಬರಬೇಕು. ಹಾಲಿನ ಡೇರಿಗೆ ದಿನಾ ಹಾಲು ಹಾಕೋ ನಮ್ಮ ಕನಕಪುರ, ಮಾಗಡಿ ಹೆಂಗಸರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹಾಲಿಗೆ ಸಂಘ ಇದೆ, ಡಿಗ್ರಿ ನೋಡಿ ರೇಟು ಹಾಕ್ತಾರೆ. ಹೆಣಿಗೆಗೆ ಅಂಥ ಡೇರಿ ಇಲ್ಲ.

ಕೊನೆಯ ದಿನಗಳು

1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂತು. ಎಂಬತ್ತು ದಾಟಿದ ಮೇಲೆ 1986ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ತಂದರು. ಕಸೂತಿ, ಕಂಬಳಿ ಜಮಖಾನೆ, ಕರಕುಶಲ ಅಂತ ಪುಸ್ತಕಗಳನ್ನೂ ಬರೆದಿದ್ದಾರೆ. 1988ರ ಅಕ್ಟೋಬರ್ 29ರಂದು ಬೊಂಬಾಯಿಯಲ್ಲಿ ತೀರಿಕೊಂಡರು. 85 ವರ್ಷ ಆಗಿತ್ತು. 2018ರಲ್ಲಿ ಅವರ ಹುಟ್ಟಿದ ದಿನಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತ್ತು. ಅವತ್ತು ಯಾರಪ್ಪಾ ಇವರು ಅಂತ ಒತ್ತಿ ನೋಡಿದವರಲ್ಲಿ ನಾನೂ ಒಬ್ಬ.

ಅವರು ಅಧ್ಯಕ್ಷೆಯಾಗಿದ್ದ ಮಂಡಳಿಯನ್ನ 2020ರಲ್ಲಿ ಕೇಂದ್ರ ಸರ್ಕಾರ ರದ್ದು ಮಾಡಿತು, ಕೊರೊನಾ ಗಲಾಟೆಯಲ್ಲಿ ಅದು ಸುದ್ದಿಯೇ ಆಗಲಿಲ್ಲ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಮಾತ್ರ ಉಳ್ಕೊಂಡಿದೆ. ಕೈಕೆಲಸ ಮಾಡೋರಿಗೆ ಕುಶಲಕರ್ಮಿ ಗುರುತಿನ ಚೀಟಿ, ಪೆಹಚಾನ್ ಕಾರ್ಡ್ ಅಂತಾರೆ, ಅದನ್ನ ಕೊಡೋದು ಇದೇ ಕಚೇರಿ. ಆಧಾರ್ ಬೇಕು, ಮಾಡಿದ ಕೆಲಸ ತೋರಿಸಬೇಕು. ಚನ್ನಪಟ್ಟಣದ ಬೊಂಬೆ ಕೆಲಸದವರಿಗೆ ಈ ಕಾರ್ಡು ಹೊಸದೇನಲ್ಲ, ಮನೆಯಲ್ಲಿ ಸೂಜಿ ದಾರ ಹಿಡಿದವರಲ್ಲಿ ಕೇಳಿದವರೇ ಕಡಿಮೆ.

ಅಮ್ಮನ ಅರ್ಜಿಯನ್ನ ನಾನೇ ತುಂಬ್ತಾ ಇದ್ದೀನಿ. ವೈರ್ ಬ್ಯಾಗು ಲೆಕ್ಕಕ್ಕೆ ಬರುತ್ತೋ ಇಲ್ಲವೋ ಅಂತ ಅನುಮಾನ ಬಂದು ಕ್ರೋಷಾ ತೋರಣದ ಫೋಟೋ ಹಾಕಿದ್ದೀನಿ. ಉದ್ಯೋಗ ಅನ್ನೋ ಜಾಗದಲ್ಲಿ ಅಮ್ಮ ಗೃಹಿಣಿ ಅಂತ ಬರಿ ಅಂದ್ರು. ಅಲ್ಲಿಗೆ ಬಂದು ಅರ್ಜಿ ನಿಂತಿದೆ.