ಕಣ್ಣಾರೆ ಕಂಡವರ ಪರ ನಿಂತ ಕ್ಲಾಡ್ನಿ

ಇಂಜಿನಿಯರಿಂಗ್ ಓದುವಾಗ ಕಂಪನದ ಪಾಠದಲ್ಲಿ ಕ್ಲಾಡ್ನಿ ಹೆಸರು ಬಂದಿತ್ತು. ಲೋಹದ ತಟ್ಟೆ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದರೆ ಮರಳು ರಂಗೋಲಿ ಥರ ಸಾಲುಗಟ್ಟುತ್ತೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಆತನ ಇನ್ನೊಂದು ಕೆಲಸ ಗೊತ್ತಾಗಿದ್ದು ನಾನು ಪತ್ರಕರ್ತನಾದ ಮೇಲೆ.

ಅರ್ನ್ಸ್ಟ್ ಕ್ಲಾಡ್ನಿ ಹುಟ್ಟಿದ್ದು 1756ರಲ್ಲಿ, ಜರ್ಮನಿಯ ವಿಟನ್‌ಬರ್ಗ್‌ನಲ್ಲಿ. ಅಪ್ಪ ಕಾನೂನು ಪ್ರೊಫೆಸರ್, ಮಗನೂ ಅದನ್ನೇ ಓದಬೇಕು ಅಂತ ಹಟ. ಮಗ 1782ರಲ್ಲಿ ಡಿಗ್ರಿ ಮುಗಿಸಿದ. ಅದೇ ವರ್ಷ ಅಪ್ಪ ತೀರಿಕೊಂಡ, ಮಗ ವಿಜ್ಞಾನಕ್ಕೆ ಹಾರಿದ. ನಮ್ಮಲ್ಲಿ ಎಷ್ಟೋ ಜನರ ಕತೆ ಇದು, ಅಲ್ವಾ? ಆದರೆ ಓದಿದ ಕಾನೂನು ವ್ಯರ್ಥವಾಗಲಿಲ್ಲ.

ಆಕಾಶದಿಂದ ಕಲ್ಲು ಬೀಳುತ್ತೆ ಅಂದರೆ ಆಗಿನ ವಿದ್ವಾಂಸರು ನಗುತ್ತಿದ್ದರು. 1768ರಲ್ಲಿ ಫ್ರಾನ್ಸಿನ ಲ್ಯೂಸೆಯಲ್ಲಿ ಹೊಲದಲ್ಲಿದ್ದವರ ಎದುರೇ ಒಂದು ಬಿತ್ತು. ಪ್ಯಾರಿಸ್ ಅಕಾಡೆಮಿಗಾಗಿ ಅದನ್ನು ಪರೀಕ್ಷಿಸಿದವರಲ್ಲಿ ಲವಾಸಿಯೆ ಕೂಡ ಇದ್ದ. ಅದು ನೆಲದ್ದೇ ಕಲ್ಲು, ಸಿಡಿಲು ಬಡಿದಿರಬೇಕು ಅಂತ ತೀರ್ಪಾಯಿತು.

ಕ್ಲಾಡ್ನಿ ಗಾಟಿಂಗನ್ ಲೈಬ್ರರಿಯಲ್ಲಿ ಕೂತು ಹಳೆಯ ವರದಿಗಳನ್ನು ಕೇಸ್ ಫೈಲಿನಂತೆ ಓದಿದ. ಬೇರೆ ಬೇರೆ ದೇಶ, ಬೇರೆ ಬೇರೆ ಶತಮಾನ, ಒಬ್ಬರಿಗೊಬ್ಬರು ಗೊತ್ತಿಲ್ಲದ ಸಾಕ್ಷಿಗಳು. ಹೇಳಿಕೆ ಮಾತ್ರ ಒಂದೇ: ಬೆಂಕಿಯುಂಡೆ, ಗುಡುಗು, ಆಮೇಲೆ ಕಲ್ಲು. ಜೊತೆಗೆ ಸೈಬೀರಿಯಾದಲ್ಲಿ ಸಿಕ್ಕಿದ್ದ, ಸುಮಾರು 700 ಕಿಲೋ ತೂಕದ ಕಬ್ಬಿಣದ ಗಡ್ಡೆ. ಹತ್ತಿರ ಜ್ವಾಲಾಮುಖಿ ಇಲ್ಲ. ಮನುಷ್ಯರು ಕುಲುಮೆಯಲ್ಲಿ ಕಾಸಿದ್ದೂ ಅಲ್ಲ. ಇವು ಗ್ರಹವಾಗದೆ ಉಳಿದ ವಸ್ತು, ಇಲ್ಲವೇ ಒಡೆದ ಗ್ರಹದ ಚೂರು ಎಂದು ಆತ 1794ರಲ್ಲಿ ಪುಸ್ತಕ ಬರೆದ. ಮೊದಲ ಕ್ಷುದ್ರಗ್ರಹ ಸಿರಿಸ್ ಕಂಡಿದ್ದು ಅದಾಗಿ ಏಳು ವರ್ಷಕ್ಕೆ!

ಪುಸ್ತಕಕ್ಕೆ ಸಿಕ್ಕಿದ್ದು ಹೆಚ್ಚಾಗಿ ಗೇಲಿ. ಆದರೆ ಕಲ್ಲುಗಳು ಬೀಳುತ್ತಲೇ ಇದ್ದವು. ಅದೇ ವರ್ಷ ಇಟಲಿಯ ಸಿಯೆನಾ, 1795ರಲ್ಲಿ ಇಂಗ್ಲೆಂಡ್, 1798ರಲ್ಲಿ ನಮ್ಮ ಬನಾರಸ್ ಹತ್ತಿರ. ಇವನ್ನು ವಿಶ್ಲೇಷಿಸಿದ ಎಡ್ವರ್ಡ್ ಹೋವರ್ಡ್‌ಗೆ ಎಲ್ಲದರಲ್ಲೂ ನಿಕಲ್ ಸಿಕ್ಕಿತು. 1803ರಲ್ಲಿ ಫ್ರಾನ್ಸಿನ ಲೇಗಲ್ ಮೇಲೆ ಸಾವಿರಾರು ಕಲ್ಲು ಸುರಿದಾಗ ಸರ್ಕಾರ ಕಳಿಸಿದ ಬಿಯೋ ಊರೂರು ಸುತ್ತಿ ಜನರನ್ನು ಕೇಳಿದ. ವಾದ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಇವತ್ತು ಆ ಸೈಬೀರಿಯಾ ಗಡ್ಡೆಯ ಜಾತಿಗೆ ಪಲ್ಲಸೈಟ್ ಅಂತಾರೆ: ನಿಕಲ್ ಬೆರೆತ ಕಬ್ಬಿಣದೊಳಗೆ ಆಲಿವೀನ್ ಹರಳು. ಒಮ್ಮೆ ಒಳಗೊಳಗೇ ಕರಗಿ, ಆಮೇಲೆ ಒಡೆದ ಕ್ಷುದ್ರಗ್ರಹದ ತುಂಡು. ಜಪಾನಿನ ಹಯಬುಸಾ ನೌಕೆ 2010ರಲ್ಲಿ ಇಟೊಕಾವಾದಿಂದ ತಂದ ಧೂಳು ಭೂಮಿಗೆ ಬೀಳುವ ಸಾಮಾನ್ಯ ಉಲ್ಕಾಶಿಲೆಗಳಿಗೆ ತಾಳೆಯಾಯಿತು.

ಕ್ಲಾಡ್ನಿಗೆ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಗಲೇ ಇಲ್ಲ. ಊರಿಂದೂರಿಗೆ ಪ್ರಯೋಗ ತೋರಿಸುತ್ತ, ಉಪನ್ಯಾಸ ಕೊಡುತ್ತ ಬದುಕಿದ. 1827ರಲ್ಲಿ ಬ್ರೆಸ್ಲಾವ್‌ನಲ್ಲಿ ತೀರಿಕೊಂಡ.

ಒಮ್ಮೆ ಒಂದು ಹಳ್ಳಿಯವರು ಬಾವಿ ನೀರಿನ ಬಣ್ಣ ಬದಲಾಗಿದೆ ಅಂದಾಗ, ತಜ್ಞರ ವರದಿ ಇಲ್ಲ ಅಂತ ಆ ಸಾಲನ್ನು ನಾನೇ ಹೊಡೆದುಹಾಕಿದ್ದೆ. ಕಂಡವರ ಮಾತನ್ನೆಲ್ಲ ಕುರುಡಾಗಿ ನಂಬಿ ಅಂತ ಕ್ಲಾಡ್ನಿ ಹೇಳಿಕೊಡಲ್ಲ. ಒಂದರ ಪಕ್ಕ ಒಂದು ಇಟ್ಟು ತೂಗಿ ನೋಡೋದನ್ನು ಕಲಿಸುತ್ತಾನೆ. ನಾನು ಅಷ್ಟನ್ನೂ ಮಾಡಿರಲಿಲ್ಲ.