ಹೊಸೂರಿನಿಂದ ನಡೆದು ಬಂದ ಹುಡುಗ: ಡಾ. ಎಚ್. ನರಸಿಂಹಯ್ಯನವರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಆದೇಶಿಸಿದಾಗ, ಈ ಶಾಲೆಯ ಹಳೆಯ ವಿದ್ಯಾರ್ಥಿಯೂ ಹಲವು ವರ್ಷ ಗಣಿತ ಬೋಧಿಸಿದವನೂ ಆದ ನನಗೆ ಮೊದಲು ನೆನಪಾದದ್ದು ಡಾ. ಎಚ್. ನರಸಿಂಹಯ್ಯನವರ ಹೆಸರು. ಸರ್ ಎಂ. ವಿಶ್ವೇಶ್ವರಯ್ಯನವರ ಕುರಿತಾಗಲಿ, ಸರ್ ಸಿ. ವಿ. ರಾಮನ್ನರ ಕುರಿತಾಗಲಿ ನಮ್ಮ ಮಕ್ಕಳು ಪಠ್ಯಪುಸ್ತಕಗಳಲ್ಲಿ ಓದಿರುತ್ತಾರೆ. ನರಸಿಂಹಯ್ಯನವರಾದರೋ ನಮ್ಮ ನೆರೆಯವರು. ಮಡಕಶಿರ, ಹಿಂದೂಪುರಗಳ ಸೆರಗಿಗೆ ಅಂಟಿಕೊಂಡಿರುವ ಗೌರಿಬಿದನೂರು ತಾಲ್ಲೂಕಿನ ಹೊಸೂರು ಅವರ ಜನ್ಮಸ್ಥಳ. ಅಲ್ಲಿಯ ನೆಲ, ಮಳೆ, ಬೆಳೆ, ಬಡತನ ಯಾವುದೂ ಬೆಳುಗುಪ್ಪದ ನಮಗೆ ಅಪರಿಚಿತವಲ್ಲ. ಪಾಠದಲ್ಲಿ ತಿಳಿಯದಿದ್ದುದನ್ನು ಯಾರನ್ನು ಕೇಳಬೇಕೆಂದು ತೋಚದೆ ಪುಸ್ತಕ ಮುಚ್ಚಿಡುವ ನಮ್ಮ ಮಕ್ಕಳಿಗೆ ಅವರ ಬಾಳಿನ ಕಥೆ ಉಪಯುಕ್ತವೆಂದು ನಂಬಿದ್ದೇನೆ.

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಕಡು ಬಡತನದ ಮನೆ. ಊರಿನ ಶಾಲೆಯ ಓದು ಮುಗಿದ ಮೇಲೆ ಮುಂದೆ ಓದಬೇಕಾದರೆ ಊರು ಬಿಡಲೇಬೇಕಾಗಿತ್ತು. ಬಿಡುವುದಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಅಂಥ ಹುಡುಗರ ವಿದ್ಯೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತಿದ್ದ ಕಾಲ ಅದು. ಆದರೆ ಅವರ ಮುಖ್ಯೋಪಾಧ್ಯಾಯರಾಗಿದ್ದ ಎಂ. ಎಸ್. ನಾರಾಯಣರಾಯರು ಈ ಹುಡುಗನ ಬುದ್ಧಿಯನ್ನು ಗುರುತಿಸಿದ್ದರು. ಅವರ ನೆರವಿನ ಭರವಸೆಯ ಮೇಲೆ ಬಾಲಕ ನರಸಿಂಹಯ್ಯ 1935ರಲ್ಲಿ ಬೆಂಗಳೂರಿಗೆ ಹೊರಟ. ಗುಂತಕಲ್ಲಿನಿಂದ ಹಿಂದೂಪುರ, ಗೌರಿಬಿದನೂರುಗಳ ಮೇಲೆ ಬೆಂಗಳೂರಿಗೆ ಹೋಗುವ ರೈಲು ಮಾರ್ಗ ಆ ವೇಳೆಗೆ ಬಹಳ ಹಳೆಯದು. ಆದರೆ ಆ ಹುಡುಗ ಹೋದದ್ದು ಕಾಲುನಡಿಗೆಯಲ್ಲಿ. ದಾರಿಯಲ್ಲಿ ಎರಡು ದಿನ ಕಳೆದವು.

ಈ ನಡಿಗೆಯನ್ನು ನಾನು ತರಗತಿಯಲ್ಲಿ ಲೆಕ್ಕವಾಗಿಯೇ ಕೊಡುತ್ತಿದ್ದೆ. ಹೊಸೂರಿನಿಂದ ಬೆಂಗಳೂರಿಗೆ 80 ಕಿಲೋಮೀಟರಿಗೂ ಹೆಚ್ಚು. ಗಂಟೆಗೆ 5 ಕಿಲೋಮೀಟರಿನಂತೆ ನಡೆದರೆ ಎಷ್ಟು ಗಂಟೆ ಬೇಕು? ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆ. 16 ಗಂಟೆ ಎಂದು ಮಕ್ಕಳು ಬೇಗನೆ ಹೇಳುತ್ತಿದ್ದರು. ಎರಡು ದಿನಕ್ಕೆ ಹಂಚಿದರೆ ದಿನಕ್ಕೆ ಎಂಟು ಗಂಟೆ. ಆಮೇಲೆ ಯಾವನಾದರೂ ಒಬ್ಬ ಎದ್ದು, ಊಟಕ್ಕೆ ಕೂತದ್ದನ್ನೂ ನೆರಳಿನಲ್ಲಿ ದಣಿವಾರಿಸಿಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೆ ಎಂದು ಕೇಳುತ್ತಿದ್ದ. ಆ ಪ್ರಶ್ನೆ ಬಂದ ದಿನ ಪಾಠ ಸಾರ್ಥಕವಾಯಿತೆಂದು ನಾನು ತಿಳಿಯುತ್ತಿದ್ದೆ. ಸೂತ್ರವನ್ನು ಉರು ಹೊಡೆದವನಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ.

ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ ರಾಷ್ಟ್ರೀಯ ಶಿಕ್ಷಣದ ಆದರ್ಶದಿಂದ ಸ್ಥಾಪಿತವಾದ ಶಾಲೆ. ಅಲ್ಲಿ ಸೇರಿದ ಮರುವರ್ಷವೇ, ಅಂದರೆ 1936ರಲ್ಲಿ, ಮಹಾತ್ಮಾ ಗಾಂಧಿಯವರು ಆ ಶಾಲೆಗೆ ಬಂದರು. ಅವರ ಹಿಂದೀ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳುವ ಅವಕಾಶ ಈ ಹಳ್ಳಿಯ ಹುಡುಗನಿಗೆ ದೊರೆಯಿತು. ಖಾದಿ, ಸರಳತೆ, ನಿರ್ಭಯ ಈ ಮೂರೂ ಅವರ ಬಾಳಿನಲ್ಲಿ ಕೊನೆಯತನಕ ಉಳಿದವು. ಬಿಳಿಯ ಪಂಚೆ, ಜುಬ್ಬ, ಗಾಂಧೀ ಟೋಪಿಯ ಅವರ ಆಕೃತಿಯನ್ನು ಬೆಂಗಳೂರಿನವರು ದೂರದಿಂದಲೇ ಗುರುತಿಸುತ್ತಿದ್ದರು.

ಮುಂದೆ ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಆರಿಸಿಕೊಂಡರು. ಆ ದಿನಗಳಲ್ಲಿ ಕಾಲೇಜಿನ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾದಾಗ ಓದನ್ನು ನಡುವೆಯೇ ಬಿಟ್ಟು ಅದರಲ್ಲಿ ಧುಮುಕಿ ಸೆರೆಮನೆ ಕಂಡರು. ಬಿಡುಗಡೆಯಾದ ಮೇಲೆ ಮತ್ತೆ ಪುಸ್ತಕ ಹಿಡಿದು ಎಂ.ಎಸ್‌ಸಿ. ಪದವಿಯನ್ನು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅನಂತರ ಅಮೆರಿಕಕ್ಕೆ ತೆರಳಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಬೀಜ ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಂಥ ಪದವಿ ಪಡೆದವರಿಗೆ ಹೊರದೇಶಗಳಲ್ಲಿ ಅವಕಾಶಗಳಿಗೆ ಕೊರತೆಯಿರಲಿಲ್ಲ. ಅವರು ಮರಳಿ ಬಂದದ್ದು ತಮ್ಮ ಹಳೆಯ ಕಾಲೇಜಿಗೆ. 1961ರಿಂದ 1972ರವರೆಗೆ ಅದರ ಪ್ರಾಂಶುಪಾಲರಾಗಿ ದುಡಿದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಕಾಲೇಜಿನ ವಿದ್ಯಾರ್ಥಿ ನಿಲಯದ ಕೊಠಡಿಯೊಂದರಲ್ಲಿ ವಿದ್ಯಾರ್ಥಿಗಳ ನಡುವೆಯೇ ದಶಕಗಳ ಕಾಲ ವಾಸಿಸಿದರು.

ವಿದ್ಯಾರ್ಥಿ ನಿಲಯದ ಈ ವಾಸವನ್ನು ಅವರ ಸರಳತೆಯ ಕುರುಹೆಂದು ಎಲ್ಲರೂ ಹೊಗಳುತ್ತಾರೆ, ಅದು ನಿಜವೇ. ಆದರೆ ಉಪಾಧ್ಯಾಯ ವೃತ್ತಿಯವನಾದ ನನಗೆ ಅದರಲ್ಲಿ ಬೇರೊಂದು ಅರ್ಥವೂ ಕಾಣುತ್ತದೆ. ವಿದ್ಯಾರ್ಥಿಗೆ ಸಂದೇಹ ಹುಟ್ಟುವುದು ತರಗತಿಯ ಗಂಟೆ ಬಾರಿಸಿದಾಗಲ್ಲ. ಸಂಜೆ ದೀಪದ ಮುಂದೆ ಒಬ್ಬನೇ ಕುಳಿತು, ನಾಲ್ಕನೆಯ ಲೆಕ್ಕ ಬಂದು, ಐದನೆಯದು ಬಾರದೆ ಹೋದಾಗ. ಆ ಗಳಿಗೆಯಲ್ಲಿ ಹತ್ತಿರದಲ್ಲಿ ಬಲ್ಲವರೊಬ್ಬರು ಇದ್ದಾರೆಂಬ ಧೈರ್ಯವೇ ಅರ್ಧ ವಿದ್ಯೆ. ಮೇಷ್ಟ್ರು ಇರುವ ಊರಿಗೂ ಮೇಷ್ಟ್ರು ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವ ಊರಿಗೂ ಇರುವ ಅಂತರವನ್ನು ಹಳ್ಳಿಯ ತಂದೆತಾಯಿಗಳು ಚೆನ್ನಾಗಿ ಬಲ್ಲರು.

1962ರಲ್ಲಿ ನರಸಿಂಹಯ್ಯನವರ ಮುಂದಾಳುತನದಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪನೆಯಾಯಿತು. ಬುಧವಾರಗಳ ಸಂಜೆ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನದ ಉಪನ್ಯಾಸ. ಜುಲೈ ತಿಂಗಳಿನಲ್ಲಿ ವಿಜ್ಞಾನದ ಉತ್ಸವ. ದೊಡ್ಡ ದೊಡ್ಡ ವಿಜ್ಞಾನಿಗಳ ಮಾತನ್ನು ಸಾಮಾನ್ಯ ಜನರೂ ಶಾಲಾ ಕಾಲೇಜಿನ ಮಕ್ಕಳೂ ಬಂದು ಕೇಳಬಹುದಾಗಿತ್ತು. ಪ್ರಯೋಗಶಾಲೆಯ ಬಾಗಿಲಿನ ಹಿಂದೆ ಇದ್ದ ವಿದ್ಯೆಯನ್ನು ಬೀದಿಯ ಜನರ ಬಳಿಗೆ ತಂದ ಆ ಪದ್ಧತಿ ಅವರ ಕಾಲಾನಂತರವೂ ನಡೆದುಬಂದಿರುವುದು ಸಂತೋಷದ ಸಂಗತಿ.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಆ ಅವಧಿಯಲ್ಲಿ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಆಗ ನಮ್ಮ ಅನಂತಪುರ ಜಿಲ್ಲೆಗೇ ಸೇರಿದ್ದ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪರೀಕ್ಷೆಗೆ ಅವಕಾಶ ಕೊಡಬೇಕೆಂದು ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ. ಇದರಿಂದ ದೇಶದಲ್ಲೆಲ್ಲ ದೊಡ್ಡ ಚರ್ಚೆ ನಡೆಯಿತು. ನಮ್ಮ ಸೀಮೆಯಲ್ಲಿ ಭಕ್ತರೂ ಇದ್ದಾರೆ, ವಿಚಾರವಾದಿಗಳೂ ಇದ್ದಾರೆ. ಆ ವಾದವನ್ನು ಮತ್ತೆ ಎಬ್ಬಿಸುವುದು ನನ್ನ ಉದ್ದೇಶವಲ್ಲ. ನಾನು ಗಮನಿಸುವುದು ಇಷ್ಟನ್ನೇ: ತರಗತಿಯಲ್ಲಿ ವಿದ್ಯಾರ್ಥಿಗೆ ಹೇಳಿಕೊಟ್ಟ ನಿಯಮವನ್ನು ಅವರು ತರಗತಿಯ ಹೊರಗೂ ಪಾಲಿಸಿದರು. ಪ್ರಶ್ನೆ ಕೇಳುವುದು ಅವಿನಯವಲ್ಲ, ತಿಳಿಯುವವನ ಕರ್ತವ್ಯ ಎಂಬುದು ಅವರ ನಂಬಿಕೆಯಾಗಿತ್ತು. ಅವರ ಬರಹಗಳ ಒಂದು ಪುಸ್ತಕದ ಹೆಸರೇ ‘ತೆರೆದ ಮನ’. ಆತ್ಮಕಥೆಗೆ ಅವರು ಕೊಟ್ಟ ಹೆಸರು ‘ಹೋರಾಟದ ಹಾದಿ’. 1984ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು.

ಇಷ್ಟೆಲ್ಲ ಕೀರ್ತಿ ಬಂದ ಮೇಲೂ ಅವರು ತಮ್ಮ ಸೀಮೆಯನ್ನು ಮರೆಯಲಿಲ್ಲ. ನ್ಯಾಷನಲ್ ಎಜುಕೇಶನ್ ಸೊಸೈಟಿಯ ಮೂಲಕ ಹೊಸೂರಿನಲ್ಲಿ ಹೈಸ್ಕೂಲು, ಗೌರಿಬಿದನೂರು ಮತ್ತು ಬಾಗೇಪಲ್ಲಿಗಳಲ್ಲಿ ಕಾಲೇಜುಗಳು ನೆಲೆಗೊಂಡವು. ತಾವು ನಡೆದು ಸವೆಸಿದ ದಾರಿಯನ್ನು ಮುಂದಿನ ಮಕ್ಕಳು ನಡೆಯಬೇಕಾಗದಂತೆ ಮಾಡಿದರು. ಇವುಗಳಲ್ಲಿ ಬಾಗೇಪಲ್ಲಿಯ ವಿಷಯ ನಮಗೆ ವಿಶೇಷವಾಗಿ ಮನಮುಟ್ಟಬೇಕು. ಅದು ಕರ್ನಾಟಕದಲ್ಲಿದ್ದರೂ ಅಲ್ಲಿಯ ಬಹುಪಾಲು ಮನೆಗಳಲ್ಲಿ ತೆಲುಗು ಮಾತು. ಮಕ್ಕಳು ಶಾಲೆಯಲ್ಲಿ ಓದುವುದು ಕನ್ನಡ. ನಮ್ಮದು ಅದರ ಕನ್ನಡಿಯ ಬಿಂಬ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ ತಾಲ್ಲೂಕು ಬೇರ್ಪಟ್ಟು ಅನಂತಪುರಕ್ಕೆ ಸೇರಿತು. ಅತ್ತ ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಗಳು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಆದರೆ ಮಕ್ಕಳ ಮನೆಪಾಠದ ಕಷ್ಟ ಮಾತ್ರ ಇಮ್ಮಡಿಯಾಯಿತು.

ಆ ಕಷ್ಟ ಯಾವ ಬಗೆಯದೆಂಬುದಕ್ಕೆ ಒಂದು ಉದಾಹರಣೆ ಸಾಕು. ಒಂದು ಬಸ್ಸು 20 ನಿಮಿಷಕ್ಕೊಮ್ಮೆ, ಇನ್ನೊಂದು 30 ನಿಮಿಷಕ್ಕೊಮ್ಮೆ ಹೊರಡುತ್ತವೆ; ಈಗ ಒಟ್ಟಿಗೆ ಹೊರಟರೆ ಮತ್ತೆ ಯಾವಾಗ ಒಟ್ಟಿಗೆ ಹೊರಡುತ್ತವೆ ಎಂಬ ಲೆಕ್ಕ. ನಮ್ಮ ಶಾಲೆಯ ಮಗು ಲ.ಸಾ.ಅ. ಕಂಡುಹಿಡಿಯಬೇಕೆಂದು ಓದಿರುತ್ತದೆ. ತೆಲುಗು ಶಾಲೆಯಲ್ಲಿ ಓದಿದ ಪಕ್ಕದ ಮನೆಯ ಅಣ್ಣನಿಗೆ ಅದು ಕ.ಸಾ.ಗು. ಎಂದು ಗೊತ್ತು. ಕಾಲೇಜಿಗೆ ಹೋಗುವ ಅಕ್ಕನಿಗೆ ಎಲ್‌ಸಿಎಂ ಎಂದರೇ ತಿಳಿಯುವುದು. ಮೂವರಿಗೂ ಉತ್ತರ 60 ನಿಮಿಷವೆಂದು ಗೊತ್ತಿದ್ದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಅರಿಯದೆ, ನಿಮ್ಮ ಪುಸ್ತಕವೇ ಬೇರೆ ಎಂದು ಕೈಬಿಡುತ್ತಾರೆ. ವಿಜ್ಞಾನದಲ್ಲಿಯೂ ಹೀಗೆಯೇ. ದ್ರವ್ಯರಾಶಿ ಎರಡು ಭಾಷೆಗಳಲ್ಲಿಯೂ ದ್ರವ್ಯರಾಶಿಯೇ. ಸಾಂದ್ರತೆ ಅಲ್ಲಿ ಸಾಂದ್ರತ. ಆದರೆ ನಮ್ಮ ವೇಗೋತ್ಕರ್ಷ ಅವರಿಗೆ ತ್ವರಣ. ಕಷ್ಟವಿರುವುದು ವಿಷಯದಲ್ಲಲ್ಲ, ಹೆಸರಿನಲ್ಲಿ. ಇದನ್ನು ಬಿಡಿಸಿ ಹೇಳುವವರಿಲ್ಲದೆ, ಹತ್ತನೆಯ ತರಗತಿಯಲ್ಲಿ ಗಣಿತವೊಂದರಲ್ಲಿಯೇ ಅನುತ್ತೀರ್ಣರಾಗಿ ಶೇಂಗಾ ಹೊಲಕ್ಕೋ ರಾಯದುರ್ಗದ ಹೊಲಿಗೆ ಕೆಲಸಕ್ಕೋ ಹೋದ ಜಾಣ ಮಕ್ಕಳನ್ನು ನಾನು ಬಲ್ಲೆ. ದುಡಿಮೆ ಅವಮಾನವಲ್ಲ; ಆದರೆ ಓದಬೇಕೆಂದಿದ್ದವರು ಕೇಳುವವರಿಲ್ಲದೆ ಓದು ಬಿಟ್ಟದ್ದು ಊರಿಗೆ ಆದ ನಷ್ಟ.

ಆದಕಾರಣ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನದೊಂದು ವಿನಂತಿ. ಮಹೋತ್ಸವದ ನೆನಪಿಗೆ ಕಮಾನು, ಕಲ್ಲು, ಫಲಕಗಳನ್ನು ನಿಲ್ಲಿಸುವುದು ಒಳ್ಳೆಯದೇ. ಅದರ ಜೊತೆಗೆ, ಶಾಲೆಯ ಒಂದು ಕೊಠಡಿಯನ್ನು ದಿನವೂ ಸಂಜೆ ಒಂದು ಗಂಟೆ ತೆರೆದಿಡೋಣ. ಊರಿನಲ್ಲಿರುವ ವಿದ್ಯಾವಂತರು ಸರದಿಯ ಮೇಲೆ ಬಂದು ಕುಳಿತುಕೊಳ್ಳಲಿ. ಗಣಿತ, ವಿಜ್ಞಾನಗಳ ಮುಖ್ಯ ಪದಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲಿಯೂ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕೋಣ. ಮಗು ಲೆಕ್ಕ ತಂದಾಗ ಉತ್ತರವನ್ನು ಬರೆದುಕೊಡುವುದು ಬೇಡ. ಅದು ಲೆಕ್ಕವನ್ನು ಗಟ್ಟಿಯಾಗಿ ಓದಲಿ. ತನ್ನ ಮಾತಿನಲ್ಲಿ ಹೇಳಲಿ. ಕೊಟ್ಟದ್ದೇನು, ಕೇಳಿದ್ದೇನು ಎಂಬುದನ್ನು ಚಿತ್ರ ಬರೆದು ತೋರಿಸಲಿ. ಅಷ್ಟರಲ್ಲಿ ಅರ್ಧಕ್ಕೆ ಅರ್ಧ ಮಕ್ಕಳಿಗೆ ದಾರಿ ತಾನಾಗಿಯೇ ಕಾಣುವುದು ನನ್ನ ಅನುಭವ. ಉಳಿದವರಿಗೆ ಒಂದು ಮೆಟ್ಟಿಲನ್ನು ಮಾತ್ರ ತೋರಿಸಿ, ಮುಂದಿನದನ್ನು ಅವರಿಗೇ ಬಿಡಬೇಕು. ತಪ್ಪು ಮಾಡಿದವನನ್ನು ನಗೆಗೀಡು ಮಾಡದಿರುವುದು ಎಲ್ಲಕ್ಕಿಂತ ಮುಖ್ಯ. ಒಮ್ಮೆ ನಕ್ಕರೆ ಆ ಮಗು ಮತ್ತೆ ಕೇಳುವುದಿಲ್ಲ.

ನರಸಿಂಹಯ್ಯನವರು 2005ರ ಜನವರಿ 31ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರು ಗಳಿಸಿದ ಪದವಿಗಳನ್ನೂ ಪಡೆದ ಗೌರವಗಳನ್ನೂ ನೆನೆಯುವಾಗ, ಹೊಸೂರಿನ ಬಡ ಹುಡುಗನೊಬ್ಬನಿಗೆ ಆಸರೆಯಾಗಿ ನಿಂತ ನಾರಾಯಣರಾಯರೆಂಬ ಉಪಾಧ್ಯಾಯರನ್ನೂ ನಾವು ನೆನೆಯಬೇಕು. ಆ ಒಬ್ಬರು ಇಲ್ಲದಿದ್ದಲ್ಲಿ ಮುಂದಿನದು ನಡೆಯುತ್ತಿತ್ತೆಂದು ಹೇಳುವುದು ಕಷ್ಟ. ನಮ್ಮ ಶಾಲೆಯ ಬೆಂಚುಗಳ ಮೇಲೆ ಇಂದು ಕುಳಿತಿರುವವರಲ್ಲಿ ಅಂಥ ಮಗು ಯಾವುದೆಂದು ನಮಗೆ ತಿಳಿಯದು. ತಿಳಿಯದ ಕಾರಣದಿಂದಲೇ ಎಲ್ಲರಿಗೂ ಬಾಗಿಲು ತೆರೆದಿರಬೇಕು. ಐವತ್ತು ವರ್ಷ ಗಡಿನಾಡಿನಲ್ಲಿ ಕನ್ನಡದ ಅಕ್ಷರ ಕಲಿಸಿದ ನಮ್ಮ ಶಾಲೆ ಇನ್ನೂ ಐವತ್ತು ವರ್ಷ ಬೆಳಗಲಿ ಎಂದು ಹಾರೈಸುತ್ತೇನೆ. ಸಂಜೆಯ ಆ ಕೊಠಡಿ ತೆರೆಯುವುದಾದರೆ ಮೊದಲ ವಾರದ ಸರದಿಗೆ ನನ್ನ ಹೆಸರನ್ನು ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಲ್ಲಿ ಕೇಳಿಕೊಳ್ಳುತ್ತೇನೆ.