ಅಂಗಡಿಯ ಗಾದಿಯ ಮೇಲಿನ ಆತ್ಮಾರ್ಥಿ: ಶ್ರೀಮದ್ ರಾಜಚಂದ್ರರು

ನಮ್ಮ ಬಸದಿಯ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಈ ಪುಣ್ಯಾವಸರದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನನಗೆ ಬಹಳ ಸಂಕೋಚವಾಯಿತು. ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ತಂದೆಯವರ ಅಂಗಡಿಯಲ್ಲಿ ಕುಳಿತವನು, ಐವತ್ತು ದಾಟಿದ ಮೇಲೂ ಅಲ್ಲಿಯೇ ಕುಳಿತಿರುವವನು. ಶಾಸ್ತ್ರಾರ್ಥವನ್ನು ಹೇಳುವ ಅಧಿಕಾರ ನನಗಿಲ್ಲ. ಆದರೆ ವ್ಯಾಪಾರದ ಗಾದಿಯ ಮೇಲೆ ಕುಳಿತುಕೊಂಡೇ ಆತ್ಮವನ್ನು ಅರಸಿದ ಮಹನೀಯರೊಬ್ಬರ ಜೀವನವನ್ನು ಬರೆಯಲು ನನ್ನಂಥವನಿಗೂ ಅಡ್ಡಿಯಿರಲಾರದೆಂದು ಧೈರ್ಯಮಾಡಿದ್ದೇನೆ.

ಇನ್ನೊಂದು ಕಾರಣವೂ ಉಂಟು. ನಮ್ಮ ಅಣ್ಣನವರು ಸ್ವರ್ಗಸ್ಥರಾದ ವರ್ಷ ಸ್ವಾಧ್ಯಾಯದಲ್ಲಿ ಅನ್ಯತ್ವ ಭಾವನೆಯ ವ್ಯಾಖ್ಯಾನ ನಡೆಯುತ್ತಿತ್ತು. ದೇಹ ನಿನ್ನದಲ್ಲ, ಬಂಧುಗಳು ನಿನ್ನವರಲ್ಲ, ಸಂಪತ್ತು ನಿನ್ನದಲ್ಲ ಎಂದು ಕೇಳುತ್ತ ಹೋದಂತೆ ನನಗೆ ಸಮಾಧಾನಕ್ಕೆ ಬದಲಾಗಿ ಭಯವೇ ಆಯಿತು. ಎಲ್ಲವನ್ನೂ ಕಳೆದ ಮೇಲೆ ಉಳಿಯುವುದು ಬರಿಯ ಸೊನ್ನೆಯೇ? ಹಾಗಿದ್ದಲ್ಲಿ ಶೋಕಪಡುತ್ತಿರುವ ನಾನಾದರೂ ಯಾರು? ಆ ದಿನಗಳಲ್ಲಿ ಹಿರಿಯ ಶ್ರಾವಕರೊಬ್ಬರು ನನ್ನ ಕೈಗೆ ಶ್ರೀಮದ್ ರಾಜಚಂದ್ರರ ಚರಿತ್ರೆಯನ್ನಿತ್ತರು.

ಸೌರಾಷ್ಟ್ರದ ಮೋರ್ಬಿಯ ಸಮೀಪದಲ್ಲಿ ವವಾಣಿಯಾ ಎಂಬುದೊಂದು ಊರು. ಅಲ್ಲಿ 1867ನೆಯ ಇಸವಿಯ ಕಾರ್ತಿಕ ಪೂರ್ಣಿಮೆಯಂದು, ಅಂದರೆ ನವೆಂಬರ್ 9ರಂದು, ರವಜೀಭಾಯಿ ಮೆಹತಾ ಮತ್ತು ದೇವಬಾಯಿ ಎಂಬ ದಂಪತಿಗಳಲ್ಲಿ ಇವರು ಜನಿಸಿದರು. ತಂದೆಯ ಮನೆತನ ವೈಷ್ಣವ ಭಕ್ತಿಯದು. ತಾಯಿ ಜೈನ ಸಂಸ್ಕಾರದಲ್ಲಿ ಬೆಳೆದವರು. ಹುಟ್ಟಿದಾಗ ಇಟ್ಟ ಹೆಸರು ಲಕ್ಷ್ಮೀನಂದನ. ನಾಲ್ಕನೆಯ ವಯಸ್ಸಿನಲ್ಲಿ ಅದು ರಾಯಚಂದ ಎಂದಾಯಿತು. ಏಳು ವರ್ಷಗಳ ಶಾಲಾಪಾಠವನ್ನು ಬಾಲಕನು ಎರಡೇ ವರ್ಷಗಳಲ್ಲಿ ಮುಗಿಸಿದನಂತೆ.

ಅವರ ಜೀವನದ ದಿಕ್ಕನ್ನು ನಿರ್ಧರಿಸಿದ ಘಟನೆ ಏಳನೆಯ ವಯಸ್ಸಿನಲ್ಲಿ ನಡೆಯಿತು. ಬಾಲಕನ ಮೇಲೆ ಬಹಳ ಅಕ್ಕರೆಯಿಟ್ಟಿದ್ದ ಅಮೀಚಂದ ಎಂಬ ಗೃಹಸ್ಥರು ಹಾವು ಕಚ್ಚಿ ಮೃತರಾದರು. ಸಾವು ಎಂದರೇನೆಂಬುದು ಹುಡುಗನಿಗೆ ತಿಳಿಯದು. ಮನೆಯವರನ್ನು ಕೇಳಿದರೆ ಊಟಮಾಡಿ ಮಲಗೆಂದು ಮಾತು ಮರೆಸಿದರು. ಕೊನೆಗೆ ಅವನು ಯಾರಿಗೂ ಹೇಳದೆ ಕೆರೆಯ ಕಡೆಗೆ ಹೋಗಿ, ಜಾಲಿಯ ಮರವನ್ನೇರಿ ನೋಡಿದನು. ತನ್ನನ್ನು ಮುದ್ದಿಸುತ್ತಿದ್ದ ದೇಹವು ಚಿತೆಯ ಮೇಲೆ ಉರಿಯುತ್ತಿತ್ತು. ಸುತ್ತಲೂ ಬಂಧುಗಳೇ ನಿಂತಿದ್ದರು. ನಿನ್ನೆ ಇದ್ದುದು ಏನು, ಇಂದು ಹೋದುದು ಏನು, ಇವರು ಇಷ್ಟು ನಿರ್ದಯರಾಗಿ ಸುಡುವುದೇಕೆ ಎಂಬ ಚಿಂತನೆಯಲ್ಲಿ ಆಳವಾಗಿ ಮುಳುಗಿದಾಗ ಜಾತಿಸ್ಮರಣ ಜ್ಞಾನವುಂಟಾಯಿತೆಂದು ಅವರ ಚರಿತ್ರಕಾರರೆಲ್ಲ ಬರೆದಿದ್ದಾರೆ. ಪೂರ್ವಭವಗಳ ಸ್ಮರಣೆಯ ವಿಷಯವು ನಮ್ಮ ಪುರಾಣಗಳಲ್ಲಿ ಹೇರಳವಾಗಿರುವುದರಿಂದ ವಾಚಕರಿಗೆ ಇದು ಹೊಸತಲ್ಲ. ನನ್ನ ಮನಸ್ಸಿನಲ್ಲಿ ನಿಂತುದಾದರೋ ಆ ಮರದ ಮೇಲಿನ ಮಗು. ದೊಡ್ಡವರು ಮುಚ್ಚಿಟ್ಟ ಪ್ರಶ್ನೆಯನ್ನು ಅದು ತಾನೇ ಹೋಗಿ ಎದುರಿಸಿತು.

ಮುಂದೆ ಅವರು ತಂದೆಯ ಅಂಗಡಿಯಲ್ಲಿ ಕುಳಿತರು. ಅಲ್ಲಿ ಯಾರಿಗೂ ತೂಕದಲ್ಲಿ ಹೆಚ್ಚು ಕಡಿಮೆ ಮಾಡಲಿಲ್ಲವೆಂದು ತಾವೇ ಒಂದೆಡೆ ಬರೆದಿಟ್ಟಿದ್ದಾರೆ. ಹದಿನಾರರ ವಯಸ್ಸಿನಲ್ಲಿಯೇ ಮೋಕ್ಷಮಾಲಾ ಎಂಬ ಗ್ರಂಥವನ್ನು ರಚಿಸಿದರು. ಇದೇ ಕಾಲದಲ್ಲಿ ಅವಧಾನ ಶಕ್ತಿಯೂ ಪ್ರಕಟವಾಗಿ, 1887ರಲ್ಲಿ ಮುಂಬಯಿಯ ಸಭೆಯಲ್ಲಿ ಏಕಕಾಲಕ್ಕೆ ನೂರು ವಿಷಯಗಳನ್ನು ಧಾರಣೆಮಾಡಿ ತೋರಿಸಿದಾಗ ಪತ್ರಿಕೆಗಳು ಕೊಂಡಾಡಿದವು. ವಿಲಾಯಿತಿಗೆ ಹೋಗಿ ಪ್ರದರ್ಶಿಸಬೇಕೆಂಬ ಸಲಹೆಯೂ ಬಂದಿತು. ಅವರು ಹೋಗಲಿಲ್ಲ, ಅಷ್ಟೇ ಅಲ್ಲ, ಸ್ವಲ್ಪ ಕಾಲದಲ್ಲಿಯೇ ಅವಧಾನಗಳನ್ನು ಸಂಪೂರ್ಣವಾಗಿ ನಿಲ್ಲಿಸಿದರು. ಜ್ಯೋತಿಷದಲ್ಲಿ ಪಡೆದ ಪರಿಣತಿಯನ್ನೂ ಹಾಗೆಯೇ ಬಿಟ್ಟುಕೊಟ್ಟರು. ಇಪ್ಪತ್ತರ ತರುಣನಿಗೆ ಕೀರ್ತಿಯು ಬಾಗಿಲಿಗೆ ಬಂದು ನಿಂತಾಗ ಬೆನ್ನು ತಿರುಗಿಸುವುದು ಉಪವಾಸಕ್ಕಿಂತಲೂ ಕಠಿಣವಾದ ತಪಸ್ಸೆಂದು ನನಗೆ ತೋರುತ್ತದೆ.

1888ರಲ್ಲಿ ಝಬಕಬಾಯಿಯವರೊಡನೆ ವಿವಾಹವಾಯಿತು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಜನಿಸಿದರು. ಮುಂಬಯಿಯಲ್ಲಿ ರೇವಾಶಂಕರ ಜಗಜೀವನರ ಪಾಲುಗಾರಿಕೆಯಲ್ಲಿ ಮುತ್ತು ವಜ್ರಗಳ ವ್ಯಾಪಾರವನ್ನು ನಡೆಸಿದರು. ಲಕ್ಷಾಂತರ ರೂಪಾಯಿಗಳ ವ್ಯವಹಾರ. ಆದರೂ ಗಾದಿಯ ಮೇಲೆ ಲೆಕ್ಕದ ಪುಸ್ತಕಗಳ ಪಕ್ಕದಲ್ಲಿ ಒಂದು ಧರ್ಮಗ್ರಂಥ, ಒಂದು ದಿನಚರಿ ಸದಾ ಇರುತ್ತಿದ್ದವು. ಸೌದಾ ಮುಗಿದ ಕ್ಷಣವೇ ಅವುಗಳಲ್ಲೊಂದು ತೆರೆದುಕೊಳ್ಳುತ್ತಿತ್ತು. ಇದನ್ನು ಕಣ್ಣಾರೆ ಕಂಡು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದವರು ಮಹಾತ್ಮಾ ಗಾಂಧಿಯವರು.

ವ್ಯಾಪಾರಿಗಳಾದ ನಮಗೆ ಅವರ ಜೀವನದ ಒಂದು ಪ್ರಸಂಗ ವಿಶೇಷವಾಗಿ ರುಚಿಸುತ್ತದೆ. ಒಬ್ಬ ವರ್ತಕನು ನಿಶ್ಚಿತ ದಿನದಂದು ನಿಶ್ಚಿತ ದರದಲ್ಲಿ ಇವರಿಗೆ ವಜ್ರಗಳನ್ನು ಒಪ್ಪಿಸುವುದಾಗಿ ಕರಾರು ಬರೆದುಕೊಟ್ಟಿದ್ದನಂತೆ. ಅಷ್ಟರಲ್ಲಿ ಪೇಟೆಯ ಧಾರಣೆ ವಿಪರೀತವಾಗಿ ಏರಿತು. ಕರಾರಿನಂತೆ ಮಾಲು ಕೊಟ್ಟರೆ ಆ ವರ್ತಕನ ಮನೆಮಾರುಗಳೂ ಹೋಗುವ ಸ್ಥಿತಿ. ರಾಜಚಂದ್ರರು ತಾವಾಗಿಯೇ ಅವನ ಅಂಗಡಿಗೆ ಹೋದರು. ಹಣ ವಸೂಲಿಗೆ ಬಂದರೆಂದು ಅವನು ನಡುಗಿ, ಹೇಗಾದರೂ ತೀರಿಸುವೆನೆಂದು ಬೇಡಿಕೊಂಡನು. ಇಬ್ಬರ ಚಿಂತೆಗೂ ಕಾರಣ ಆ ಕಾಗದವೇ ಎಂದು ತಿಳಿಸಿ, ಅವರು ಅದನ್ನು ಅವನೆದುರಿಗೇ ಹರಿದುಹಾಕಿದರಂತೆ. ಇಂತಹ ಕಥೆಗಳು ಕೈಯಿಂದ ಕೈಗೆ ಬರುವಾಗ ಸ್ವಲ್ಪ ಹೊಳಪು ಪಡೆಯುವುದುಂಟು. ಆದರೆ ಕರಾರುಪತ್ರವನ್ನು ಹಿಡಿದು ಬಾಕಿದಾರನ ಮೆಟ್ಟಿಲು ಹತ್ತಿದ ಅನುಭವವುಳ್ಳವರು ಒಂದಂಶವನ್ನು ಗಮನಿಸಬೇಕು. ಅವರು ಲಾಭವನ್ನು ಬಿಟ್ಟುದು ಸರಿಯೇ. ಅದಕ್ಕಿಂತ ಹೆಚ್ಚಾಗಿ ಎದುರಿನ ಮನುಷ್ಯನ ಭಯವನ್ನು ಕಂಡು, ಅದನ್ನು ಒಂದು ದಿನ ಮುಂಚಿತವಾಗಿಯೇ ಕಳೆಯಬೇಕೆಂದು ತಾವೇ ಎದ್ದು ನಡೆದರು.

1891ರ ಜುಲೈ ತಿಂಗಳಲ್ಲಿ ಬ್ಯಾರಿಸ್ಟರರಾಗಿ ಇಂಗ್ಲೆಂಡಿನಿಂದ ಮುಂಬಯಿಗೆ ಬಂದಿಳಿದ ಗಾಂಧಿಯವರಿಗೆ, ತಾವು ದೂರದಲ್ಲಿದ್ದಾಗಲೇ ತಾಯಿ ತೀರಿಕೊಂಡರೆಂಬ ವಾರ್ತೆಯನ್ನು ಅಣ್ಣನವರು ತಿಳಿಸಿದರು. ಆ ದುಃಖವನ್ನು ಒಳಗೇ ಅದುಮಿಕೊಂಡಿದ್ದ ದಿನಗಳಲ್ಲಿಯೇ ಡಾ. ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ ರಾಯಚಂದಭಾಯಿಯವರ ಪರಿಚಯವಾಯಿತು. ಗಾಂಧಿಯವರಿಗಿಂತ ಇವರು ಎರಡೇ ವರ್ಷ ಹಿರಿಯರು. ಮುಂದೆ ದಕ್ಷಿಣ ಆಫ್ರಿಕದಲ್ಲಿ ಕ್ರೈಸ್ತ ಮಿತ್ರರ ಒತ್ತಾಯದ ನಡುವೆ ಗಾಂಧಿಯವರ ಮನಸ್ಸು ಡೋಲಾಯಮಾನವಾದಾಗ, 1894ರಲ್ಲಿ, ಅವರು ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದು ಕಳುಹಿಸಿದರು. ಆತ್ಮವೆಂದರೇನು, ಈಶ್ವರನೆಂದರೇನು, ಮೋಕ್ಷವೆಂದರೇನು ಎಂದು ಮೊದಲುಗೊಂಡು, ಹಾವು ಕಚ್ಚಲು ಬಂದರೆ ಏನು ಮಾಡಬೇಕೆಂಬಲ್ಲಿಗೆ ಆ ಪ್ರಶ್ನೆಗಳು ಮುಗಿಯುತ್ತವೆ. ದೇಹ ಅನಿತ್ಯವೆಂಬುದನ್ನು ನಿಜವಾಗಿ ಅರಿತವನು ಅದಕ್ಕಾಗಿ ಆ ಪ್ರಾಣಿಯನ್ನು ಕೊಲ್ಲುವುದು ಉಚಿತವಲ್ಲವೆಂಬುದು ಇವರ ಉತ್ತರದ ಸಾರ. ಅಮೀಚಂದರ ಚಿತೆಯನ್ನು ಕಂಡ ಬಾಲಕನೇ ಈ ಉತ್ತರವನ್ನು ಬರೆದನೆಂಬುದನ್ನು ನೆನೆದಾಗ ಮನಸ್ಸು ಒಂದು ಕ್ಷಣ ಸ್ತಬ್ಧವಾಗುತ್ತದೆ. ಗಾಂಧಿಯವರಿಗೆ ಈ ಪತ್ರದಿಂದ ಶಾಂತಿ ದೊರೆಯಿತು. ಆದರೂ ಅವರು ಇವರನ್ನು ಪೂರ್ಣಾರ್ಥದಲ್ಲಿ ಗುರುವೆಂದು ಸ್ವೀಕರಿಸಲಿಲ್ಲ. ಹೃದಯದ ಆ ಪೀಠ ಖಾಲಿಯಾಗಿಯೇ ಉಳಿಯಿತೆಂದು ಪ್ರಾಮಾಣಿಕವಾಗಿ ಬರೆದಿದ್ದಾರೆ. ನಮ್ಮವರು ಭಾಷಣಗಳಲ್ಲಿ ಈ ಅಂಶವನ್ನು ಬಿಟ್ಟುಬಿಡುತ್ತಾರೆ. ಬಿಡಬೇಕಾಗಿಲ್ಲ.

ಇನ್ನು ಸೋಭಾಗಭಾಯಿಯವರ ವಿಷಯ. ಸಾಯಲಾ ಗ್ರಾಮದ ಈ ಮುಮುಕ್ಷುಗಳು ರಾಜಚಂದ್ರರಿಗಿಂತ ನಲವತ್ತು ವರ್ಷಗಳಿಗೂ ಮೀರಿ ಹಿರಿಯರು. ಆದರೂ 1890ರಲ್ಲಿ ಮೊದಲ ಭೇಟಿಯಾದಂದಿನಿಂದ ಆ ತರುಣನಿಗೆ ಶಿಷ್ಯರಾದರು. ಅವರಿಗೆ ಬರೆದ ಪತ್ರಗಳು ನೂರಾರು. ಸೋಭಾಗಭಾಯಿಯವರಿಗೆ ಹಣದ ಅಡಚಣೆ ಬಹಳವಾಗಿತ್ತು. ಇವರಲ್ಲಿರುವ ಶಕ್ತಿಯಿಂದ ಏನಾದರೂ ಉಪಾಯವಾದೀತೇ ಎಂಬ ಆಸೆಯೂ ಆ ವೃದ್ಧರ ಮನಸ್ಸಿನಲ್ಲಿತ್ತು. ರಾಜಚಂದ್ರರು ಅದಕ್ಕೆ ಎಡೆಗೊಡಲಿಲ್ಲ. ಉದಯಕ್ಕೆ ಬಂದ ಕರ್ಮವನ್ನು ಸಮಭಾವದಿಂದ ಅನುಭವಿಸುವುದೊಂದೇ ದಾರಿಯೆಂದು ಮತ್ತೆ ಮತ್ತೆ ತಿಳಿಹೇಳಿದರು. ಕಷ್ಟದಲ್ಲಿರುವವನಿಗೆ ಇದು ಕಠೋರವಾಗಿ ಕಾಣಬಹುದು. ಮೊದಲು ಓದಿದಾಗ ನನಗೂ ಹಾಗೆಯೇ ಕಂಡಿತು. ಆದರೆ ಆ ಪತ್ರಗಳಲ್ಲಿ ಅವರು ತಮ್ಮ ವ್ಯಥೆಯನ್ನೂ ಮುಚ್ಚಿಟ್ಟಿಲ್ಲ. ತ್ಯಾಗದ ಹಂಬಲ ಒಂದೆಡೆ, ಪ್ರಾರಬ್ಧವಶದಿಂದ ಬಿಡಲಾಗದ ವ್ಯಾಪಾರ ಇನ್ನೊಂದೆಡೆ. ಇವೆರಡರ ನಡುವೆ ತಾವು ಬೇಯುತ್ತಿರುವುದನ್ನು ಆ ಹಿರಿಯ ಶಿಷ್ಯರ ಮುಂದೆ ತೆರೆದಿಟ್ಟಿದ್ದಾರೆ. ಅದೇ 1890ರಲ್ಲಿ ಅಹಮದಾಬಾದಿನ ಮಿತ್ರರಾದ ಜೂಠಾಭಾಯಿಯವರು ಎಳೆಯ ವಯಸ್ಸಿನಲ್ಲಿಯೇ ಅಗಲಿದಾಗಲೂ ದುಃಖವಾಗಲಿಲ್ಲವೆಂದು ಅವರು ಸೋಗುಹಾಕಲಿಲ್ಲ. ದುಃಖ ಬಂದಿತು. ಅದು ಬಂದುದನ್ನು ಬಲ್ಲ ಜ್ಞಾಯಕನು ಅದರಿಂದ ಬೇರೆಯಾಗಿ ಉಳಿದನು.

ಆತ್ಮವಿದೆ, ಅದು ನಿತ್ಯವಾಗಿದೆ, ಕರ್ಮದ ಕರ್ತೃವಾಗಿದೆ, ಭೋಕ್ತೃವಾಗಿದೆ, ಮೋಕ್ಷವಿದೆ, ಮೋಕ್ಷಕ್ಕೆ ಉಪಾಯವಿದೆ ಎಂಬ ಆರು ಪದಗಳನ್ನು 1894ರಲ್ಲಿ ಲಲ್ಲೂಜಿ ಮುನಿಗಳಿಗೆ ಬರೆದ ಪತ್ರವೊಂದರಲ್ಲಿ ಅವರು ವಿವರಿಸಿದ್ದರು. ಗದ್ಯವನ್ನು ಬಾಯಿಪಾಠ ಮಾಡುವುದು ವೃದ್ಧಾಪ್ಯದಲ್ಲಿ ಕಷ್ಟ. ಪದ್ಯವಾದರೆ ನೆನಪಿನಲ್ಲಿ ಉಳಿದೀತೆಂದು ಸೋಭಾಗಭಾಯಿಯವರು ಬೇಡಿಕೊಂಡರು. 1896ರ ಶರತ್ಕಾಲದಲ್ಲಿ ನಡಿಯಾದಿನಲ್ಲಿ ಒಂದು ಸಂಜೆ, ಅಂಬಾಲಾಲರು ಲಾಟೀನನ್ನು ಹಿಡಿದು ನಿಂತಿರಲು, ಸುಮಾರು ಒಂದೂವರೆ ಎರಡು ಗಂಟೆಗಳ ಅವಧಿಯಲ್ಲಿ 142 ಪದ್ಯಗಳ ಆತ್ಮಸಿದ್ಧಿ ಶಾಸ್ತ್ರವು ರಚಿತವಾಯಿತು. ಆರಂಭದಲ್ಲಿ ನಾಲ್ಕೇ ಪ್ರತಿಗಳನ್ನು ಮಾಡಿಸಿ, ಯೋಗ್ಯರೆಂದು ಕಂಡ ನಾಲ್ವರಿಗೆ ಮಾತ್ರ ಕೊಡಲಾಯಿತು.

ಈ ಗ್ರಂಥದಲ್ಲಿ ಶಿಷ್ಯನು ಒಂದೊಂದಾಗಿ ಸಂಶಯಗಳನ್ನು ಮುಂದಿಡುತ್ತಾನೆ. ಕಣ್ಣಿಗೆ ಕಾಣದ ಆತ್ಮ ಇಲ್ಲವೇ ಇಲ್ಲವೆನ್ನುತ್ತಾನೆ; ಇದ್ದರೂ ಕ್ಷಣಕ್ಷಣಕ್ಕೆ ಅಳಿಯುವಂಥದೆನ್ನುತ್ತಾನೆ. ಗುರುವು ಗದರಿಸುವುದಿಲ್ಲ. ಸಂಶಯಪಡುತ್ತಿರುವವನೇ ಆತ್ಮನಲ್ಲವೇ ಎಂದು ಅವನನ್ನು ಅವನ ಕಡೆಗೇ ತಿರುಗಿಸುತ್ತಾನೆ. ಎಲ್ಲವೂ ಕ್ಷಣಿಕವೆಂದು ಅರಿತು ಹೇಳುವವನು ಆ ಕ್ಷಣದೊಡನೆಯೇ ಅಳಿದಿದ್ದರೆ ಹೇಳುವವನಾರು ಎಂದು ತೋರಿಸಿಕೊಡುತ್ತಾನೆ. ನನ್ನ ಭಯಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿ. ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಜಮೆಯಾದುದನ್ನೆಲ್ಲ ಖರ್ಚು ಬರೆದಾಗ ಶಿಲ್ಕು ಸೊನ್ನೆಯಾಗುತ್ತದೆ; ಲೆಕ್ಕ ಬರೆದವನು ಸೊನ್ನೆಯಾಗುವುದಿಲ್ಲ. ಪರದ್ರವ್ಯಗಳಿಂದ ಶೂನ್ಯವಾದ ಆತ್ಮವು ತನ್ನ ಜ್ಞಾನದರ್ಶನಗಳಿಂದ ಪೂರ್ಣವಾಗಿಯೇ ಇದೆ. ಆಚಾರ್ಯ ಕುಂದಕುಂದರು ಸಮಯಸಾರದಲ್ಲಿ ತಿಳಿಸಿದ ಭೇದವಿಜ್ಞಾನವೂ ಇದೇ ಅಲ್ಲವೇ? ಅನ್ಯತ್ವ ಭಾವನೆಯನ್ನು ಕೇಳಿ ನಾನು ಹೆದರಿದ್ದು, ಕಳೆಯಬೇಕಾದುದನ್ನು ಮಾತ್ರ ಕೇಳಿಸಿಕೊಂಡು ಕಳೆಯುವವನನ್ನು ಮರೆತಿದ್ದರಿಂದ.

1897ರಲ್ಲಿ ಸೋಭಾಗಭಾಯಿಯವರ ಅಂತ್ಯಕಾಲ ಸಮೀಪಿಸಿದಾಗ ಶ್ರೀಮದ್ಜೀಯವರು ಒಂದರ ಹಿಂದೊಂದರಂತೆ ಪತ್ರಗಳನ್ನು ಬರೆದು ದೇಹಾತ್ಮಗಳ ಭಿನ್ನತೆಯಲ್ಲಿ ಅವರನ್ನು ನಿಲ್ಲಿಸಿದರು. ಆ ವೃದ್ಧರು ಆತ್ಮಜಾಗೃತಿಯಿಂದ ಸಮಾಧಿಮರಣವನ್ನು ಪಡೆದರು.

ಶ್ವೇತಾಂಬರ ಪರಂಪರೆಯ ನೆರೆಯಲ್ಲಿ ಬೆಳೆದ ಇವರನ್ನು ನಮ್ಮ ಬಸದಿಯ ಸಂಚಿಕೆಯಲ್ಲಿ ಸ್ಮರಿಸುವುದೇಕೆಂದು ಕೆಲವರು ಕೇಳಬಹುದು. ಮತಭೇದದ ಕಲಹವು ಅವರಿಗೆ ಎಂದೂ ಹಿಡಿಸಲಿಲ್ಲ. ಕುಂದಕುಂದರ ಪಂಚಾಸ್ತಿಕಾಯವನ್ನು ಗುಜರಾತಿಗೆ ತಂದರು. ಈಡರದ ಬೆಟ್ಟದ ಮೇಲೆ ಮುನಿಗಳಿಗೆ ದ್ರವ್ಯಸಂಗ್ರಹವನ್ನು ಬೋಧಿಸಿದರು. ಗೃಹಸ್ಥನೊಬ್ಬನ ಬಳಿಗೆ ಹೋದರೆಂಬ ಕಾರಣಕ್ಕೆ ಆ ಮುನಿಗಳು ತಮ್ಮ ಸಂಘದಿಂದಲೇ ಬಹಿಷ್ಕಾರವನ್ನು ಅನುಭವಿಸಬೇಕಾಯಿತು. ಅಪೂರ್ವ ಅವಸರ ಎಂಬ ಅವರ ಕಾವ್ಯದಲ್ಲಿ ಹಂಬಲಿಸಿರುವ ನಿರ್ಗ್ರಂಥ ದಶೆಯಲ್ಲಿ ನಗ್ನತ್ವ, ಅಸ್ನಾನ, ಅದಂತಧಾವನಗಳೂ ಸೇರಿವೆ. ನಮ್ಮ ಮುನಿಗಳ ಮೂಲಗುಣಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1900ರಲ್ಲಿ ಅವರ ಪ್ರೇರಣೆಯಿಂದ ಸ್ಥಾಪಿತವಾದ ಪರಮಶ್ರುತ ಪ್ರಭಾವಕ ಮಂಡಲವು ನಮ್ಮ ಆಚಾರ್ಯರ ಗ್ರಂಥಗಳನ್ನು ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ ಅಚ್ಚುಮಾಡಿಸಿತು. ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆಯವರು ಸಂಪಾದಿಸಿದ ಪ್ರವಚನಸಾರವು 1935ರಲ್ಲಿ ಪ್ರಕಟವಾದುದು ಇದೇ ಮಾಲೆಯಲ್ಲಿ. ಹಂಪೆಯ ರತ್ನಕೂಟದಲ್ಲಿ ಸಹಜಾನಂದಘನರು ಸ್ಥಾಪಿಸಿದ ಶ್ರೀಮದ್ ರಾಜಚಂದ್ರ ಆಶ್ರಮವನ್ನು ನಮ್ಮಲ್ಲಿ ಅನೇಕರು ಯಾತ್ರೆಯ ಕಾಲದಲ್ಲಿ ಕಂಡಿದ್ದೇವೆ.

ಕೊನೆಗೆ ಅವರು ವ್ಯಾಪಾರದಿಂದ ಬಿಡುಗಡೆ ಹೊಂದಿದರು. ಸರ್ವಸಂಗ ಪರಿತ್ಯಾಗಕ್ಕೆ ತಾಯಿಯವರ ಅನುಮತಿಯನ್ನು ಬೇಡಿದರು. ಮಗನ ಮೇಲಿನ ಮಮತೆಯಿಂದ ಆ ತಾಯಿ ಬೇಗನೆ ಒಪ್ಪಲಿಲ್ಲ. ಅಷ್ಟರಲ್ಲಿ ಶರೀರವು ವ್ಯಾಧಿಗೆ ಸಿಕ್ಕಿತು. ವಢವಾಣದಲ್ಲಿ ತೆಗೆದ ಭಾವಚಿತ್ರವನ್ನು ನೋಡಿದವರು ಬಲ್ಲರು: ಕಾಯೋತ್ಸರ್ಗದಲ್ಲಿ ನಿಂತ ಎಲುಬಿನ ಹಂದರ, ಅದರಲ್ಲಿ ಶಾಂತವಾದ ಎರಡು ಕಣ್ಣುಗಳು. ರಾಜಕೋಟೆಯಲ್ಲಿ 1901ರ ಏಪ್ರಿಲ್ 9ರಂದು, ತಮ್ಮನಾದ ಮನಸುಖಭಾಯಿಯನ್ನು ಹತ್ತಿರ ಕರೆದು ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವಂತೆ ಹೇಳಿದರು. ತಾವು ಆತ್ಮಸ್ವರೂಪದಲ್ಲಿ ಲೀನರಾಗುವುದಾಗಿ ತಿಳಿಸಿದರು. ಅವರ ಇಚ್ಛೆಯಂತೆ ಅವರನ್ನು ಬೇರೊಂದು ಆಸನಕ್ಕೆ ಸಾಗಿಸಲಾಯಿತು. ಮಧ್ಯಾಹ್ನ ಎರಡು ಗಂಟೆಗೆ, ಮೂವತ್ತಮೂರನೆಯ ವಯಸ್ಸಿನಲ್ಲಿ, ಅವರ ಉಸಿರು ನಿಂತಿತು. ತಾಯಿ ದೇವಬಾಯಿಯವರು ಆಗ ಬದುಕಿದ್ದರು.